ಧನುರ್ಮಾಸದಲ್ಲಿ ಬೇಸಿಗೆ ಟೈರು

“ಹಲೋ... ಯಾರು ಮಾತಾಡೋದು?... ಜೆಸ್ಸಿನಾ? ಹಾಂ, ಹೇಳಿ ಜೆಸ್ಸಿ, ನಾನು ಯತಿರಾಜ್... ಯಾರ ಕೈಗೆ ಕೊಡ್ತೀರಿ?... ಬೇಡ, ಬೇಡ, ಒಂದು ನಿಮಿಷ...”

“...ಹಾಂ, ಸ್ಮಿತಾ.”

ಹೆಂಡತಿಯ ಹದಿನೇಳು ಕರೆಗಳನ್ನು ಕಿವುಡನಂತೆ ದಾಟಿಸಿದ್ದ ಯತಿರಾಜ, ಹದಿನೆಂಟನೆಯದಕ್ಕೆ ಅವಳ ಗೆಳತಿಯ ಫೋನಿನಲ್ಲಿ ಸಿಕ್ಕಿಬಿದ್ದ. ಜರ್ಮನಿಯ ಯೇನಾ ಎಂಬ ಊರಿನ ಗುಡ್ಡದ ಬೀದಿಯಲ್ಲಿ ಅವನ ಕಾರು ಅಡ್ಡಡ್ಡ ನಿಂತಿತ್ತು. ಆ ಇಳಿಜಾರು ಎಂಥದ್ದೆಂದರೆ, ಮೇಲಿನ ಮನೆಯವರು ಸೀನಿದರೆ ಕೆಳಗೆ ಟ್ರಾಮಿಗೆ ಕಾಯುವವರ ಟೋಪಿ ಹಾರಬೇಕು. ಹಿಮ ಗಟ್ಟಿಯಾಗಿ ಗಾಜಾಗಿತ್ತು. ಬ್ರೇಕಿನಿಂದ ಬಲಗಾಲನ್ನು ಕೂದಲೆಳೆಯಷ್ಟು ಎತ್ತಿದರೂ ಕಾರು ಕೆಳಗೆ ಹೊರಡಲು ಸಿದ್ಧ. ಪಕ್ಕದ ಸೀಟಿನಲ್ಲಿ ಸ್ಮಿತಾಳ ಪಾಸ್‌ಪೋರ್ಟ್, ಫೋಟೋ, ಕಾಗದಪತ್ರಗಳೆಲ್ಲ ಇದ್ದ ಕೆಂಪು ಫೈಲು.

“ದಾರೀಲಿದೀನಿ ಕಣೇ... ಅರ್ಧ ದಾರಿ... ಅರ್ಧ ಅಂದ್ರೆ... ನಮ್ಮನೆ ಇನ್ನೂ ಕನ್ನಡೀಲಿ ಕಾಣ್ತಿದೆ.”

“ಗೊತ್ತು, ಹತ್ತೂಕಾಲಿಗೆ ವೀಸಾ ಆಫೀಸಲ್ಲಿ ನಿನ್ನ ಟರ್ಮಿನ್, ಅಪಾಯಿಂಟ್‌ಮೆಂಟು... ಐದು ತಿಂಗಳು ಕಾದಿದ್ದು, ಇನ್ನೊಂದು ಸಿಗೋದು ಏಪ್ರಿಲ್‌ಗೆ, ಗೊತ್ತಮ್ಮಾ... ಪರ್ಮಿಟ್ ಇಲ್ದಿದ್ರೆ ಸೋಮವಾರ ಕೆಲಸಕ್ಕೆ ಸೇರಿಸ್ಕೊಳ್ಳಲ್ಲ, ಅದೂ ಗೊತ್ತು... ಜೆರಾಕ್ಸ್ ಮಾಡಿಸ್ತೀನಿ ಅಂತ ಫೈಲ್ ಇಟ್ಕೊಂಡಿದ್ದು ನಾನೇ. ಒಪ್ಪಿದೆ. ಅಳಬೇಡ್ವೇ...”

“ಇಳಿದು ಓಡಿ ಬರೋದಾ? ಅದೇ ತಾನೇ ಆಗ್ತಿಲ್ಲ! ಕಾಲೆತ್ತಿದ್ರೆ ಕಾರು ಜಾರತ್ತೆ... ಹ್ಯಾಂಡ್‌ಬ್ರೇಕ್ ಹಾಕಿದೀನಿ ಕಣೇ, ಆದ್ರೂ ಜಾರತ್ತೆ. ಕೆಳಗೆ ಸ್ಟಾಪಲ್ಲಿ ಜನ ನಿಂತಿದಾರೆ, ಅವರ ಮೇಲೆ ಬಿಡ್ಲಾ?”

“ಏನಂದೆ?... ವಿಂಟರ್ ಟೈರಾ?... ಹಲೋ? ಹಲೋ? ಕೇಳಿಸ್ತಿಲ್ಲ... ಇಲ್ಲ, ಕೇಳಿಸ್ತು.”

ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬ ಉಪದೇಶವನ್ನು ಅರ್ಧ ಜರ್ಮನಿಯ ಕನ್ನಡಿಗರಿಗೆ ಕೊಟ್ಟ ಮಹಾಪುರುಷ ಇವನೇ. ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಗುರುತಿರಬೇಕು, ಗೀರಿನ ಆಳ ನಾಲ್ಕು ಮಿಲಿಮೀಟರಿಗೆ ಕಡಿಮೆಯಿದ್ದರೆ ಮುಟ್ಟಬೇಡಿ ಎಂದು ಇವನು ವಾಟ್ಸ್ಯಾಪಿನಲ್ಲಿ ಬರೆದದ್ದನ್ನೆಲ್ಲ ಕಾಗದಕ್ಕಿಳಿಸಿದ್ದರೆ ಮೂರು ಬೀರು ಸಾಲದೆ ಹೋಗುತ್ತಿತ್ತು. ಈಗ ಅವನ ಗಂಟಲಿನಲ್ಲಿ ಮೂರು ಪದ ಉಳಿದಿದ್ದವು.

“ಹಾಕಿಸಿಲ್ಲ ಕಣೇ, ಸ್ಮಿತಾ... ಹಾಕಿಸಿದೆ ಅಂತ ಹೇಳಿದ್ದು ಸುಳ್ಳು.”

“...ತಗೊಂಡಿದೀನಿ! ನಾಲ್ಕೂ ಕೆಳಗೆ ನೆಲಮಾಳಿಗೆ ಕೆಲ್ಲರ್‌ನಲ್ಲಿ ಇವೆ, ಬಟ್ಟೆ ಹೊದಿಸಿ, ಅರಿಶಿನ ಕುಂಕುಮ ಇಟ್ಟಿದೀನಿ... ಯಾಕೆ ಅಂದ್ರೆ? ಟೈರು ಬರೋ ಹೊತ್ತಿಗೆ ಧನುರ್ಮಾಸ ಶುರುವಾಗಿತ್ತಲ್ಲ! ಹೊಸದೇನೂ ಶುರು ಮಾಡಬಾರದು, ಸಂಕ್ರಾಂತಿ ಕಳೀಲಿ, ನಿಂಬೆಹಣ್ಣಿಟ್ಟು ಪೂಜೆ ಮಾಡಿ ಹಾಕಿಸೋಣ ಅಂತ... ಹೇಳಿದ್ದು ಯಾರು? ನಿಮ್ಮಮ್ಮನೇ! ಕಾಂತಾಮಣಿ ಅತ್ತೆನೇ!... ಅವರು ಹೇಳಿದ್ದು ಹೊಸ ಕಾರು ತಗೋಳೋದಕ್ಕಾ?... ಟೈರಿಗೂ ಸೇರತ್ತೆ ಅನ್ಕೊಂಡೆ... ನಾಡಿದ್ದೇ ಸಂಕ್ರಾಂತಿ, ಇನ್ನೆರಡೇ ದಿನ ಇತ್ತು ಮಾರಾಯ್ತಿ!”

“...ಬೈಯಿ. ಎಷ್ಟು ಬೇಕೋ ಬೈಯಿ. ಆದ್ರೆ ಬೇಗ ಬೈಯಿ, ಒಂಬತ್ತೂ ನಲವತ್ತಾಯ್ತು.”

“ಇರು, ಯಾರೋ ಕಿಟಕಿ ತಟ್ತಿದಾರೆ... ಫ್ರಾವ್ ಕ್ರೂಗರ್. ನಮ್ಮ ಮೇಲಿನ ಮನೆ ಅಜ್ಜಿ... ಯಾ, ಯಾ, ಫ್ರಾವ್ ಕ್ರೂಗರ್, ಝೋಮರ್‌ರೈಫನ್... ಬೇಸಿಗೆ ಟೈರಲ್ಲಿ ಹೊರಟಿದೀಯಾ ಅಂತ ಉಗೀತಿದಾರೆ ಕಣೇ. ಎಪ್ಪತ್ತೆಂಟು ವರ್ಷ, ಬೂಟಿಗೆ ಮುಳ್ಳಿನ ಪಟ್ಟಿ ಕಟ್ಕೊಂಡಿದಾರೆ, ಎರಡೂ ಕೈಲಿ ಕೋಲು. ಟ್ರಾಮ್ ಹಿಡಿಯೋಕೆ ಹೊರಟಿದಾರಂತೆ...”

“ಏನು? ಅವರ ಕೈಗಾ?... ಪಾಸ್‌ಪೋರ್ಟ್ ಇರೋ ಫೈಲಾ?... ಇಲ್ಲ ಇಲ್ಲ, ನಾನೇ ತರ್ತೀನಿ ಅಂದಿದೀನಲ್ಲ, ಸ್ವಲ್ಪ ಹೊತ್ತು... ಸ್ಮಿತಾ?... ಏನಂದೆ, ಕೊಡದಿದ್ರೆ ನನ್ನ ಬಿಟ್ಟೇ ಹೋಗ್ತೀಯಾ?...”

“ಆಯ್ತು. ಕೊಟ್ಟೆ... ಫ್ರಾವ್ ಕ್ರೂಗರ್, ಬಿಟ್ಟೆ! ಮೈನೆ ಫ್ರಾವ್... ಟರ್ಮಿನ್!... ದಯವಿಟ್ಟು, ನನ್ನ ಹೆಂಡ್ತಿ ವೀಸಾ ಆಫೀಸ್ ಸ್ಟಾಪಲ್ಲಿ ಸಿಗ್ತಾಳೆ ಅಂತ ಹೇಳಿದೆ ಕಣೇ.”

ಟರ್ಮಿನ್ ಎಂಬ ಪದ ಕಿವಿಗೆ ಬಿದ್ದದ್ದೇ ಅಜ್ಜಿಯ ಮುಖವೇ ಬದಲಾಯಿತು. ಆ ದೇಶದಲ್ಲಿ ಯಮನೂ ಟರ್ಮಿನ್ ಇಲ್ಲದೆ ಬರುವುದಿಲ್ಲ, ಬಂದರೆ ಹೊರಗೆ ಕೂರಿಸುತ್ತಾರೆ. ಫೈಲನ್ನು ಕೋಟಿನೊಳಗೆ ತುರುಕಿಕೊಂಡು ಆಕೆ ಇಳಿದ ವೇಗಕ್ಕೆ ಹಿಮ ಎರಡು ಪಾಲಾಯಿತು. ಯತಿರಾಜ ಮಾತ್ರ ಕಿಟಕಿಯಾಚೆ ಕತ್ತು ಚಾಚಿ, ಒಂದೇ ಕಾಲಿನಲ್ಲಿ ಇಡೀ ಗುಡ್ಡವನ್ನು ತಡೆದು ಕುಳಿತಿದ್ದ.

“ಬಿದ್ದರು... ಇಲ್ಲ, ಬೀಳ್ಲಿಲ್ಲ... ಟ್ರಾಮ್ ಬಂತು... ಕಾಣ್ತಿಲ್ಲ ಕಣೇ, ಜನ ಅಡ್ಡ... ಹತ್ತಿದರು! ಸ್ಮಿತಾ, ಹತ್ತಿದರು! ನೀನು ಆಫೀಸ್ ಮುಂದಿನ ಸ್ಟಾಪಿಗೇ ಓಡು. ಹಸಿರು ಟೋಪಿ... ಫೋನ್ ಇಡಬೇಡ, ಜೆಸ್ಸಿಗೆ ಸಾರಿ ಹೇಳು.”

“...ಬಂತಾ?... ಈಗ?... ಮುಂದಿನ ಬಾಗಿಲು ನೋಡು, ಮುದುಕರು ಮುಂದೇ ಕೂರ್ತಾರೆ...”

“...ಸಿಕ್ತಾ? ನಿಜವಾಗ್ಲೂ? ತೆಗೆದು ನೋಡು, ಎಲ್ಲಾ ಇದೆಯಾ?... ಅಬ್ಬಾ!... ನಾನ್ಯಾಕೆ ಅಳ್ಲಿ, ಇದು ಚಳಿ.”

“ಎಷ್ಟು ನಿಮಿಷ ಇದೆ?... ಆರಾ? ಓಡೇ! ನನ್ನ ವಿಷಯ ಬಿಡು. ಹಿಮ ಕರಗೋಕೆ ಉಪ್ಪು ಹಾಕೋ ಗಾಡಿ ಬರೋವರೆಗೂ ಕೂತಿರ್ತೀನಿ... ಕಾಲಾ? ಇದೆ ಅಂತ ನಂಬಿದೀನಿ, ಒಂದು ಗಂಟೆಯಿಂದ ಅದರ ಸುದ್ದಿ ಇಲ್ಲ...”

“ಬೋರ್ಡಲ್ಲಿ ನಿನ್ನ ನಂಬರ್ ಬಂತಾ?... ಹೋಗು, ಒಳಗೆ ಹೋಗು... ಏಯ್, ಒಂದೇ ಮಾತು. ಬಿಟ್ಟು ಹೋಗಬೇಡ್ವೇ. ಮುಗಿದ ಮೇಲೆ ಟ್ರಾಮ್ ಇಳಿದು ಈ ಬೀದೀಲೇ ಹತ್ಕೊಂಡು ಬಾ, ನಾನು ಇಲ್ಲೇ...”