ಬಾವಿಯವರೆಗೆ ಮಾತ್ರ ಬಿಟ್ಟುಬಂದ ಅತಿಥಿ

ಆ ದೀಪ ಸ್ವಲ್ಪ ಸಣ್ಣದು ಮಾಡಿ. ಪೂರ್ತಿ ಆರಿಸಬೇಡಿ… ಇದು ಯಾರೋ ಎಲ್ಲೋ ಹೇಳಿದ ಮಾತಲ್ಲ. ನಮ್ಮ ದೊಡ್ಡಮ್ಮನ ಮಗ ಪ್ರೆಂಕನಿಗೆ ಆದದ್ದು. ಕೊನೆಯದನ್ನಂತೂ ನಾನೇ ಕಣ್ಣಾರೆ ನೋಡಿದ್ದೇನೆ.

ಅವತ್ತು ರಾತ್ರಿ ಹತ್ತರ ಮೇಲೆ ಪ್ರೆಂಕ ಬಾವಿಯ ಹತ್ತಿರದಿಂದ ಒಬ್ಬನೇ ಮನೆ ಕಡೆ ಬರುತ್ತಿದ್ದ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಅಂದರೆ, ಹಾಲೆಂಡಿನಿಂದ ರಜೆ ಕಳೆಯಲು ಬಂದಿದ್ದ ವಿಲ್ಲೆಮ್ ಎಂಬವನ ಮೇಲೆ.

ನಮ್ಮ ಬೆಟ್ಟದಲ್ಲಿ ಈಗ ಮನೆಮನೆಗೂ ಪ್ರವಾಸಿಗರು. ಪ್ರೆಂಕನೂ ಇಟಲಿಯಲ್ಲಿ ಹನ್ನೊಂದು ವರ್ಷ ಗಾರೆ ಕೆಲಸ ಮಾಡಿ ಬಂದು, ಅಪ್ಪನ ಕಲ್ಲುಮನೆಯಲ್ಲಿ ನಾಲ್ಕು ಮಂಚ ಹಾಕಿ ಕೂತಿದ್ದ. ಈ ವಿಲ್ಲೆಮ್ ಮೂರು ದಿನ ಅವನ ಜೀವ ತಿಂದ. ಸೇತುವೆ ರೋಮನ್ನರದ್ದಾ, ತುರ್ಕರದ್ದಾ? ಚರ್ಚಿನ ಗೋಡೆಯಲ್ಲಿ ಮಸೀದಿಯ ಕಲ್ಲು ಯಾಕಿದೆ? ಸೈನ್ಯದವರು ಕಟ್ಟಿದ ಬಂಕರಿನಲ್ಲಿ ಚೀಸ್ ಯಾಕಿಟ್ಟಿದ್ದೀರಿ?

"ತಣ್ಣಗಿರುತ್ತೆ, ಅದಕ್ಕೆ," ಅಂದ ಪ್ರೆಂಕ. ಅದನ್ನೂ ಆ ಮನುಷ್ಯ ಬರೆದುಕೊಂಡ.

ನಾಲ್ಕನೆಯ ದಿನ ಕರೆಂಟು ಹೋಯಿತು, ಬಿಸಿನೀರೂ ನಿಂತಿತು. ವಿಲ್ಲೆಮ್ ಮುಖ ಊದಿಸಿಕೊಂಡು, ಕತ್ತಲಾದ ಮೇಲೆ ಚೀಲ ಹೆಗಲಿಗೇರಿಸಿದ. ಹೊಳೆಯಾಚೆ ಊರಿಂದ ಬೆಳಗಿನ ಜಾವ ಬಸ್ಸಿದೆಯಂತೆ. ಈಗಲೇ ನಡೆದು ಹೋಗುತ್ತಾನಂತೆ.

ದೊಡ್ಡಮ್ಮ ದ್ರಾನೆ ಎಷ್ಟು ತಡೆದರೂ ಕೇಳಲಿಲ್ಲ. ಕೊನೆಗೆ ಅವಳು ಮಗನಿಗೆ ಅಂದಳು, "ಸೇತುವೆ ದಾಟಿಸಿ ಬಾರೋ. ಅವನಾಗಿ 'ಸಾಕು, ತಿರುಗು' ಅನ್ನೋವರೆಗೂ ನೀನು ತಿರುಗಬೇಡ."

ನಮ್ಮಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅತಿಥಿಯ ಬಾಯಲ್ಲಿ ಆ ಮಾತು ಬರುವವರೆಗೆ ಅವನ ಪ್ರಾಣ ಮನೆ ಯಜಮಾನನ ತಲೆಯ ಮೇಲೆ. ಬಂದ ಮೇಲೆ ಏನಾದರೂ ನಮ್ಮ ತಪ್ಪಲ್ಲ. ಅದಕ್ಕೆ ಮುಂಚೆ ಏನಾದರೂ ಆಯಿತೋ… ಆ ಯಜಮಾನ ಊರಲ್ಲಿ ಮತ್ತೆ ತಲೆ ಎತ್ತುವ ಹಾಗಿಲ್ಲ.

ದಾರಿಯುದ್ದಕ್ಕೂ ವಿಲ್ಲೆಮ್ ಬಿಸಿನೀರಿನ ಪುರಾಣವನ್ನೇ ಕೊರೆಯುತ್ತಿದ್ದ. ಬಾವಿಯ ಹತ್ತಿರ ಬರುವಷ್ಟರಲ್ಲಿ ಪ್ರೆಂಕನಿಗೆ ಸಾಕುಸಾಕಾಗಿತ್ತು. "ನೆಟ್ಟಗೆ ಹೋಗು, ಸೇತುವೆ ಸಿಗುತ್ತೆ," ಅಂದವನೇ ತಿರುಗಿಬಿಟ್ಟ. ಸೇತುವೆಗೆ ಅಲ್ಲಿಂದ ಇನ್ನು ಇನ್ನೂರು ಹೆಜ್ಜೆ, ಅಷ್ಟೇ.

ಸ್ವಲ್ಪ ದೂರ ಬಂದಿರಬೇಕು… ಎದುರಿನಿಂದ ಸದ್ದು. ಟಕ್… ಟಕ್… ಕೋಲಿನ ಕಬ್ಬಿಣದ ತುದಿ ಕಲ್ಲಿಗೆ ತಾಗುವ ಸದ್ದು. ಹೆಜ್ಜೆಯ ಸಪ್ಪಳ ಮಾತ್ರ ಇಲ್ಲ.

ದಾರಿ ಅಲ್ಲಿ ಬಹಳ ಕಿರಿದು. ಒಬ್ಬರು ಗೋಡೆಗೆ ಒತ್ತಿ ನಿಂತರೇ ಇನ್ನೊಬ್ಬರು ಹೋಗಬಹುದು. ಪ್ರೆಂಕ ಒತ್ತಿ ನಿಂತ. ನಮ್ಮ ಮುದುಕರು ಹಾಕುವ ಬಿಳಿ ಟೋಪಿ ಮಾತ್ರ ಕಂಡಿತು. ಒದ್ದೆ ಉಣ್ಣೆಯ ವಾಸನೆ ಬಂತು. ಮಳೆ ಬಿದ್ದು ಎರಡು ವಾರವಾಗಿತ್ತು. ಪಕ್ಕದ ಮನೆಯ ತೋಮ ಮಾವ ಇರಬೇಕು ಅಂದುಕೊಂಡ.

"ಎಲ್ಲೀವರೆಗೆ ಬಿಟ್ಟೆ?" ಬರೀ ಪಿಸುಮಾತು.

"ಬಾವೀವರೆಗೆ."

"ತಿರುಗು ಅಂದನಾ?"

ಪ್ರೆಂಕನಿಗೆ ರೇಗಿತು. "ಅದೆಲ್ಲ ನಿಮಗ್ಯಾಕೆ ಮಾವ? ಹೋಗಿ ಮಲಗಿ."

ಟಕ್… ಟಕ್… ಸದ್ದು ಬಾವಿಯ ಕಡೆ ಹೋಯಿತು.

ಮನೆಯಲ್ಲಿ ದೊಡ್ಡಮ್ಮ ಒಲೆಯ ಮುಂದೆ ಕೂತಿದ್ದಳು. "ತಿರುಗು ಅಂದನೇನೋ?"

"ಇವತ್ತು ನಿಮಗೆಲ್ಲ ಇದೊಂದೇ ಪ್ರಶ್ನೆಯಾ? ತೋಮ ಮಾವನೂ ದಾರೀಲಿ ಅದನ್ನೇ ಕೇಳ್ತಾನೆ."

ದೊಡ್ಡಮ್ಮ ಕೈಲಿದ್ದ ಸೌದೆ ಕೆಳಗಿಟ್ಟಳು. "ತೋಮ ಶ್ಕೊದ್ರ ಪಟ್ಟಣದ ಮಗಳ ಮನೆಗೆ ಹೋಗಿ ನಾಲ್ಕು ದಿನ ಆಯ್ತಲ್ಲೋ…"

ಪ್ರೆಂಕ ಟಾರ್ಚ್ ಹಿಡಿದು ಓಡಿದ. ಬಾವಿ ದಾಟಿದ, ಸೇತುವೆ ದಾಟಿದ… ಅದರಾಚೆಗೆ ದಾರಿಯೇ ಇರಲಿಲ್ಲ. ಗುಡ್ಡ ಕುಸಿದು ಮೂವತ್ತು ಹೆಜ್ಜೆಯಷ್ಟು ದಾರಿ ಹೊಳೆಗೆ ಹೋಗಿತ್ತು. ಸಣ್ಣ ಕಲ್ಲುಗಳು ಇನ್ನೂ ಜಾರುತ್ತಿದ್ದವು. ಸರ್ರ್… ಆಮೇಲೆ ತುಂಬಾ ಕೆಳಗೆ, ಬುಳಕ್. ಬೆಳಗಾಗುವವರೆಗೆ ಅವನು ಅಲ್ಲೇ ನಿಂತು ವಿಲ್ಲೆಮ್, ವಿಲ್ಲೆಮ್ ಅಂತ ಕೂಗಿದ.

ಮೂರು ದಿನ ಊರೆಲ್ಲ ಸೇರಿ ಹೊಳೆಯಲ್ಲಿ ಕೋಲು ಹಾಕಿ ಹುಡುಕಿದೆವು. ಕರೆಂಟಿಲ್ಲ, ಫೋನಿಲ್ಲ, ಆಚೆ ಊರಿಗೆ ದಾರಿಯಿಲ್ಲ. ನನಗೂ ಪ್ರೆಂಕನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೂರು ಹೆಜ್ಜೆ ನಡೆಯಲು ಇವನಿಗೇನು ಧಾಡಿಯಾಗಿತ್ತು?

ಮೂರನೆಯ ದಿನ ಅವನನ್ನು ಕಾಫಿ ಅಂಗಡಿಗೆ ನಾನೇ ಎಳೆದುಕೊಂಡು ಹೋದೆ. ಅಂಗಡಿಯ ಮುದುಕ ಗ್ಯೆಲೋಶ್ ನನ್ನ ಕಪ್ಪನ್ನು ಮೇಜಿನ ಮೇಲಿಟ್ಟ. ಪ್ರೆಂಕನ ಕಪ್ಪನ್ನು ತನ್ನ ಕಾಲೆತ್ತಿ, ಮೊಣಕಾಲಿನ ಕೆಳಗಿನಿಂದ ಚಾಚಿದ. ಅತಿಥಿಯನ್ನು ಕಳೆದುಕೊಂಡವನಿಗೆ ನಮ್ಮಲ್ಲಿ ಕಾಫಿ ಕೊಡುವುದು ಹಾಗೆ. ಯಾರೂ ನಗಲಿಲ್ಲ. ಪ್ರೆಂಕ ಎದ್ದು ಹೊರಗೆ ಬಂದು ಗೋಡೆ ಹಿಡಿದುಕೊಂಡ.

"ಹೊಡೆದಿದ್ರೆ ತಡ್ಕೊಳ್ತಿದ್ದೆ ಕಣೋ," ಅಂದ. "ನನ್ನ ಮಕ್ಕಳಿಗೂ ಇನ್ಮೇಲೆ ಹಿಂಗೇ ಕೊಡ್ತಾರೆ."

ಅವತ್ತೇ ಸಂಜೆ ಕರೆಂಟು ಬಂತು. ಪ್ರೆಂಕನ ಫೋನು ಟಿಂಗ್ ಅಂತು. ಬಂದು ಉಳಿದುಕೊಂಡು ಹೋದವರು ಮನೆಯ ಬಗ್ಗೆ ಬರೆಯುತ್ತಾರಲ್ಲ, ಅದು. ಬರೆದವನು ವಿಲ್ಲೆಮ್.

ಪ್ರೆಂಕ ಜೋರಾಗಿ ಓದಿದ. ಮಾಲೀಕ ಮುಂಗೋಪಿ. ಬಿಸಿನೀರು ಇಲ್ಲ. ಆದರೆ ಅರ್ಧ ದಾರಿಯಲ್ಲಿ ಮನೆಯ ಹಿರಿಯರು ಬಂದು ಜೊತೆಯಾದರು. ಸೇತುವೆಯಾಚೆ ನನ್ನ ತೋಳು ಹಿಡಿದು ನಿಲ್ಲಿಸಿ ದಾರಿಯೇ ಇಲ್ಲದ ಮೇಲಿನ ಕಾಡಿನಿಂದ ಸುತ್ತಿಸಿಕೊಂಡು ಹೋದರು. ನಾವು ಹತ್ತುವಾಗ ಕೆಳಗೆ ದಾರಿ ಕುಸಿದ ಸದ್ದು ಕೇಳಿಸಿತು. ಬಸ್ಸು ಬರುವವರೆಗೂ ಪಕ್ಕದಲ್ಲೇ ಕೂತಿದ್ದರು. ಹಣ ಕೊಟ್ಟರೆ ಮುಟ್ಟಲಿಲ್ಲ. ಅವರಿಗೋಸ್ಕರ ಮೂರು ನಕ್ಷತ್ರ.

ಆ ಮನೆಯಲ್ಲಿ ಪ್ರೆಂಕನ ಬಿಟ್ಟರೆ ಇನ್ನೊಬ್ಬ ಗಂಡಸಿಲ್ಲ. ಅವನಪ್ಪ ಹೋಗಿ ಇಪ್ಪತ್ತು ವರ್ಷವಾಯಿತು, ಅಜ್ಜ ಅದಕ್ಕೂ ಮುಂಚೆ. ಯಾರಿರಬಹುದು ಅಂತ ನಾನು ದೊಡ್ಡಮ್ಮನ ಮುಖ ನೋಡಿದೆ. ಅವಳು ಶಿಲುಬೆಯ ಗುರುತು ಮಾಡಿಕೊಂಡು, "ಯಾರೋ ನಿನ್ನ ಕೆಲಸ ಮಾಡಿದಾರೆ. ಇನ್ಮೇಲೆ ನೀನೇ ಮಾಡು," ಅಂದಳು.

"ಬಂದಿರೋ ಮೂರು ನಕ್ಷತ್ರಾನೂ ನಂದಲ್ಲ," ಅಂತ ಪ್ರೆಂಕ ಗೊಣಗಿದ. ಆಮೇಲೆ ಅಲ್ಲೇ ಕುಕ್ಕರಿಸಿ ಗಳಗಳನೆ ಅತ್ತ.

ಅವತ್ತಿನಿಂದ ಅವನು ಯಾವ ಅತಿಥಿಯನ್ನೂ ಸೇತುವೆಯಿಂದ ಈಚೆ ಬಿಟ್ಟವನಲ್ಲ. ಜ್ವರ ಬಂದರೂ ಹೋಗುತ್ತಾನೆ, ಬೈದುಕೊಂಡೇ ಹೋಗುತ್ತಾನೆ.

ಹೋದ ಸೆಪ್ಟೆಂಬರಿನಲ್ಲಿ ನಾನೂ ಜೊತೆಗೆ ಹೋಗಿದ್ದೆ. ಫ್ರಾನ್ಸಿನ ಒಬ್ಬಳು ವಯಸ್ಸಾದ ಹೆಂಗಸು, ಒಬ್ಬಳೇ ಬಂದಿದ್ದಳು. ಹಗಲು ಹನ್ನೊಂದು ಗಂಟೆ, ಒಳ್ಳೆ ಬಿಸಿಲು. ಸೇತುವೆ ದಾಟಿ ನಿಂತೆವು. ಅವಳು ನಗುತ್ತಾ ಪ್ರೆಂಕನ ಕೈ ಕುಲುಕಿದಳು. ನನ್ನ ಕೈ ಕುಲುಕಿದಳು. ಆಮೇಲೆ ಪ್ರೆಂಕನ ಎಡಗಡೆಗೆ ಕೈ ಚಾಚಿ ಅಲ್ಲೂ ಕುಲುಕಿ, ತಲೆ ಬಾಗಿಸಿ ಹೊರಟುಹೋದಳು.

ನಾವಿದ್ದದ್ದು ಇಬ್ಬರೇ… ನನ್ನ ಮಕ್ಕಳಾಣೆಗೂ ಇಬ್ಬರೇ.