ಮೋಡನ ಪರವಾಗಿ

ಈ ಸಭೆಯ ಅಧ್ಯಕ್ಷರಾದ ನಮ್ಮ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯರೇ, ಹಾಲು ಕರೆದು ಕೈ ತೊಳೆದುಕೊಂಡು ನೇರ ಇಲ್ಲಿಗೇ ಬಂದಿರುವ ಹೈನುಗಾರ ಬಂಧುಗಳೇ, ಕೊನೆಯ ಸಾಲಿನಲ್ಲಿ ಕೂತು ‘ಬೇಗ ಮುಗಿಸು’ ಎಂದು ಈಗಲೇ ಕಣ್ಸನ್ನೆ ಮಾಡುತ್ತಿರುವ ನನ್ನ ಅಕ್ಕನೇ, ಸಭಿಕರೇ,

ಕೆಲವು ಕರುಗಳು ಹುಟ್ಟಿದ ಮೇಲೆ ಏಕೆ ಎದ್ದು ನಿಲ್ಲುವುದಿಲ್ಲ ಎಂಬುದನ್ನು ಕಂಡುಹಿಡಿದೆನೆಂದು ನೀವು ನನ್ನನ್ನು ಸನ್ಮಾನಿಸಿದ್ದೀರಿ. ಕಾರಣ ಒಂದು ವಂಶವಾಹಿಯ ದೋಷ. ಅದು ಬಂದದ್ದು ನಮ್ಮ ಮೋಡ ಎಂಬ ಹೋರಿಯಿಂದ. ಈ ಸಭೆ ಮುಗಿದು ಚಹಾ ಆದ ಮೇಲೆ ಸಮಿತಿ ಕೂರುತ್ತದೆ. ಮೋಡನ ವೀರ್ಯದ ನಳಿಕೆಗಳನ್ನೆಲ್ಲ ಚೆಲ್ಲಿಬಿಡುವುದೋ ಉಳಿಸಿಕೊಳ್ಳುವುದೋ ಎಂದು ಕೈಯೆತ್ತಿ ತೀರ್ಮಾನಿಸುತ್ತದೆ. ಸನ್ಮಾನಿತಳಾದವಳು ಕೃತಜ್ಞತೆ ಹೇಳಿ ಕೂರಬೇಕು. ಕೂರುತ್ತೇನೆ. ಸ್ವಲ್ಪ ತಾಳಿ.

ಮೋಡನನ್ನು ಕಾಣದವರಿಗೆ ಹೇಳುತ್ತೇನೆ. ಮಳೆಗೆ ಮುಂಚಿನ ಆಕಾಶದ ಬಣ್ಣ. ನಾನು ನಮ್ಮ ತಳಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಯಿಯಿಲ್ಲದ ಕರುವಾಗಿ ಬಂದ. ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನು. ಹಾಲು ಮುಗಿದರೂ ನನ್ನ ಬೆರಳು ಬಿಡುತ್ತಿರಲಿಲ್ಲ. ಚೀಪುತ್ತ ಚೀಪುತ್ತ ಹಾಗೇ ನಿದ್ದೆ ಹೋಗುತ್ತಿದ್ದ. ಬೆಳೆದ ಮೇಲೆ ಅವನ ಹೆಣ್ಣುಮಕ್ಕಳು ಕೊಟ್ಟ ಹಾಲು ನೋಡಿ ಎಲ್ಲರಿಗೂ ಅವನೇ ಬೇಕು. “ಮೇಡಂ, ಬೇರೆ ಯಾವ್ದೂ ಬೇಡ, ಮೋಡಂದೇ ಹಾಕ್ಸಿ.” ಆಮೇಲೆ ಮೋಡ ಸತ್ತ. ನಮ್ಮ ವೃತ್ತಿಯಲ್ಲಿ ಅದೊಂದು ಸಣ್ಣ ಅಡಚಣೆ, ಅಷ್ಟೆ.

ಅವನ ವೀರ್ಯವನ್ನು ಹೆಪ್ಪುಗಟ್ಟಿಸಿ ಇಟ್ಟಿರುವ ನಮ್ಮ ದ್ರವ ಸಾರಜನಕದ ಟ್ಯಾಂಕನ್ನು ನೀವು ನೋಡಬೇಕು. ಮುಚ್ಚಳ ತೆಗೆದರೆ ಬಿಳಿಯ ಆವಿ ಮೇಲಕ್ಕೆ ಹೋಗುವುದಿಲ್ಲ. ಅಂಚಿನಿಂದ ಕೆಳಗಿಳಿದು, ನೆಲದಲ್ಲಿ ಹರಡಿ, ಪಾದಗಳನ್ನು ಮುಚ್ಚುತ್ತದೆ. ನಾನು ಕೋಣೆಯಲ್ಲಿಲ್ಲ, ಬೆಳಗಿನ ಹುಲ್ಲುಗಾವಲಿನಲ್ಲಿ ನಿಂತಿದ್ದೇನೆ ಅನ್ನಿಸುತ್ತದೆ. ಮಂಜಿನ ಆಚೆ ಯಾರೋ ನಿಧಾನವಾಗಿ ಮೆಲುಕು ಹಾಕುತ್ತಿರುತ್ತಾರೆ. ಅಲ್ಲಿ ಕಾಲ ನಿಂತಿದೆ.

ಹೊರಗೆ ಕಾಲ ನಿಂತಿರಲಿಲ್ಲ. ನಾವು ಎಡವಿದ್ದೇ ಅಲ್ಲಿ. ಮೋಡನ ಮಗಳು ಕರು ಹಾಕಿತು, ಆ ಕರು ಕೈಯಿಂದ ಕೈಗೆ ಮಾರಾಟವಾಗಿ ಕಡಸಾಯಿತು, ಬೆದೆಗೆ ಬಂತು. ಹೊಸ ಯಜಮಾನರು ಒಳ್ಳೆಯ ಹೋರಿ ಕೇಳಿದರು. ನಾವು ಯಾರನ್ನು ಕೊಟ್ಟೆವು? ಅದರ ಅಜ್ಜನನ್ನೇ! ಕೊಟ್ಟಿಗೆಯಲ್ಲಾದರೆ ಅಜ್ಜ ಮುದುಕನಾಗುತ್ತಾನೆ, ಎಲ್ಲರ ಕಣ್ಣಿಗೂ ಬೀಳುತ್ತಾನೆ. ಟ್ಯಾಂಕಿನಲ್ಲಿ ಅಜ್ಜನಿಗೆ ವಯಸ್ಸಾಗುವುದಿಲ್ಲ. ಮೋಡನಲ್ಲಿದ್ದದ್ದು ದೋಷದ ಒಂದೇ ಪ್ರತಿ. ಒಂದೇ ಇದ್ದರೆ ಏನೂ ಆಗದು. ಅಜ್ಜನದೊಂದು, ಮೊಮ್ಮಗಳದೊಂದು ಸೇರಿ ಎರಡಾದರೆ ಆ ಕರು ಏಳುವುದಿಲ್ಲ.

ಎರಡನೆಯ ಸಾಲಿನಲ್ಲಿರುವ ಹೈನುಗಾರ ತಾಯಿಯೇ ಮೊದಲು ಫೋನು ಮಾಡಿದ್ದು. “ಮೇಡಂ, ಕಣ್ಣು ಬಿಟ್ಟಿದೆ, ಕಿವಿ ಆಡಿಸ್ತಿದೆ. ಹಸು ನೆಕ್ತಾನೇ ಇದೆ, ಏಳು ಏಳು ಅಂತ ಮೂತೀಲಿ ತಳ್ತಿದೆ. ಇದು ಏಳ್ತಾನೇ ಇಲ್ವಲ್ಲ!” ಬಂದೆ ಎಂದೆ. ಸ್ವಲ್ಪ ಹೊತ್ತು ಕುರ್ಚಿಯಿಂದ ನಾನೇ ಏಳಲಿಲ್ಲ.

ನನಗೊಬ್ಬ ತಮ್ಮನಿದ್ದ. ಅವನೂ ಎಲ್ಲವನ್ನೂ ನೋಡುತ್ತಿದ್ದ, ನಗುತ್ತಿದ್ದ. ಅಮ್ಮ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿ, “ಏಳಪ್ಪ ನನ್ನ ರಾಜ, ಒಂದ್ಸಲ ನಿಂತ್ಕೋ, ಅಕ್ಕಂದಿರು ನೋಡ್ಲಿ” ಎನ್ನುತ್ತಿದ್ದಳು. ಕೈ ಬಿಟ್ಟರೆ ಒಗೆದ ಬಟ್ಟೆಯ ಹಾಗೆ ಮಡಚಿಕೊಂಡುಬಿಡುತ್ತಿದ್ದ. ಶಾಲೆಯ ವಯಸ್ಸಿಗೆ ಮೊದಲೇ ಹೋಗಿಬಿಟ್ಟ. ಮುಂದೆ ನನ್ನನ್ನು ನೋಡಲು ಬಂದವರಲ್ಲಿ ಹುಡುಗನ ಸೋದರತ್ತೆ ಪಿಸುಗುಟ್ಟಿದರು: “ಹುಡುಗಿ ಲಕ್ಷಣವಾಗಿದಾಳೆ, ಓದಿದಾಳೆ. ಆದ್ರೆ ಆ ಮನೆ ರಕ್ತದಲ್ಲೇ ಏನೋ ಇದೆಯಂತಲ್ಲ.” ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದೆ. ಲೋಟಗಳು ಸದ್ದು ಮಾಡದ ಹಾಗೆ ನೋಡಿಕೊಂಡದ್ದಷ್ಟೇ ಆ ದಿನದ ನನ್ನ ಸಾಧನೆ. ಮತ್ತೆ ಯಾರ ಮುಂದೆಯೂ ನಾನು ತಟ್ಟೆ ಹಿಡಿಯಲಿಲ್ಲ. ಅಕ್ಕ ಮೊಂಡಿ, ಹಟ ಹಿಡಿದು ಮದುವೆಯಾದಳು. ಅವಳ ಮಕ್ಕಳು ಈಗ ಓಡಿ ಬಂದು ಮೊದಲ ಸಾಲಿನ ಕುರ್ಚಿ ಹಿಡಿದದ್ದನ್ನು ನೀವೆಲ್ಲ ನೋಡಿದಿರಿ.

ಇದನ್ನೆಲ್ಲ ಏಕೆ ಹೇಳಿದೆ? ಬರೆದುಕೊಂಡು ಬಂದ ಭಾಷಣದಲ್ಲಿ ಇದಿರಲಿಲ್ಲ. ಅಕ್ಕಾ, ಹಾಗೆ ನೋಡಬೇಡ, ಮುಗಿಸುತ್ತೇನೆ.

ನಾನು ವರದಿ ಕೊಟ್ಟ ದಿನ ನಮ್ಮ ನಿರ್ದೇಶಕರು, “ಏನಮ್ಮಾ, ಬಾಟ್ಲಿ ಹಾಲು ಕುಡಿಸಿ ಸಾಕಿದೋರೇ ಹಿಡಿದುಕೊಟ್ರಲ್ಲ!” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಸ್ವಾಮಿ, ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ. ಮೋಡನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ದೋಷ ದಾಟಿಯೇ ಇಲ್ಲ. ಯಾವುದಕ್ಕೆ ದಾಟಿದೆ, ಯಾವುದಕ್ಕಿಲ್ಲ? ಬಾಲದಿಂದ ಕಿತ್ತ ನಾಲ್ಕು ಕೂದಲು ಸಾಕು, ಹೇಳಿಬಿಡಬಹುದು. ‘ರಕ್ತದಲ್ಲಿ ಏನೋ ಇದೆ’ ಎಂದು ಎದ್ದುಹೋಗುವುದಕ್ಕೆ ಪ್ರಯೋಗಾಲಯ ಏಕೆ ಬೇಕು? ಏನಿದೆ, ಯಾರಲ್ಲಿದೆ, ಯಾರ ಜೊತೆ ಸೇರಬಾರದು, ಯಾರ ಜೊತೆ ನಿಶ್ಚಿಂತೆಯಿಂದ ಸೇರಬಹುದು ಎಂದು ಹೇಳುವುದಕ್ಕಲ್ಲವೇ ನಾವಿರುವುದು?

ಹೋದ ವಾರ, ಮೊದಲು ಫೋನು ಮಾಡಿದ ಅದೇ ತಾಯಿಯ ಕೊಟ್ಟಿಗೆಯಲ್ಲಿ ಮತ್ತೊಂದು ಕರು ಹುಟ್ಟಿತು. ಮೋಡನ ಮಗಳು; ತಾಯಿಹಸು ಬೇರೆ ವಂಶದ್ದು. ಹುಲ್ಲಿನ ಮೇಲೆ ಕೂತು ಕಾದೆ. ಕರು ಹಿಂಗಾಲು ಎತ್ತಿತು, ಬಿತ್ತು. ಮತ್ತೆ ಎತ್ತಿತು. ನಿಂತಿತು! ತೂರಾಡುತ್ತ ಬಂದು ನನ್ನ ಬೆರಳು ಹುಡುಕಿತು. ಕೂದಲನ್ನು ಪರೀಕ್ಷಿಸಿದೆ. ದೋಷದ ಸುಳಿವೂ ಇಲ್ಲ.

ಸಮಿತಿಯಲ್ಲಿ ನನ್ನದೂ ಒಂದು ಕೈಯಿದೆ. ಚಹಾ ಆದ ಮೇಲೆ ಅದು ಮೋಡನ ಪರವಾಗಿ ಏಳುತ್ತದೆ. ಒಂದು ಕೈ ಸಾಲದು, ಗೊತ್ತು. ಉಳಿದ ಕೈಗಳು ಇಲ್ಲೇ ವೇದಿಕೆಯ ಮೇಲೆ, ತೊಡೆಗಳ ಮೇಲೆ ವಿಶ್ರಮಿಸುತ್ತಿವೆ. ಅವುಗಳಿಗೆ ನಮ್ಮಮ್ಮನ ಮಾತಲ್ಲದೆ ಬೇರೆ ಯಾವ ಮಾತೂ ನನಗೆ ತೋಚುತ್ತಿಲ್ಲ: ಏಳಪ್ಪ, ಒಂದ್ಸಲ.

ಇಷ್ಟು ಹೊತ್ತು ಚಹಾ ಆರಲು ಬಿಟ್ಟು ಕೇಳಿದಿರಿ. ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.