ಮೇಣದ ಅಡಿಯ ತಾರೀಖು

ಅಯ್ಯೋ, ಆ ಹಲಗೆ ಅಲ್ಲೇ ಇರಲಿ ಬಿಡು ಅಕ್ಕ! ಮೊದಲು ಈ ಪೆಟ್ಟಿಗೆ ನೋಡು. ನಿನಗೇ ಅಂತ ಮಾಡಿದ್ದು ಕಣೇ. ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕಿ ಹೀಗೆ ಮೆಲ್ಲಗೆ ಎಳಿ... ಕೇಳಿಸ್ತಾ? ಥೇಟ್ ಹೆಣ್ಣು ಟರ್ಕಿ ಕೋಳಿ ಕೂಗಿದ ಹಾಗೆ! ಬೇಟೆಗೆ ಕೂತು ಇದನ್ನ ಎಳೆದ್ರೆ ಗುಡ್ಡದಾಚೆ ಇರೋ ಗಂಡು ಕೋಳಿ ಎದ್ದೆನೋ ಬಿದ್ದೆನೋ ಅಂತ ಓಡಿ ಬರಬೇಕು.

ಯಾಕೆ, ನಗಲ್ವಾ? ಹೂಂ, ನಿನ್ನ ಮರದ್ದೇ. ನೀನು ಹುಟ್ಟಿದ ದಿನ ಅಪ್ಪ ನೆಟ್ಟಿದ್ದ ವಾಲ್‌ನಟ್. ಹೋದ ವರ್ಷ ಏಪ್ರಿಲ್ ಬಿರುಗಾಳಿಗೆ ಬಿತ್ತು ಅಂತ ಫೋನಲ್ಲಿ ಹೇಳಿದ್ನಲ್ಲ? ಆಪರೇಷನ್ ಮುಗಿಸ್ಕೊಂಡು ನೀನಿನ್ನೂ ನ್ಯಾಶ್‌ವಿಲ್‌ನಲ್ಲಿ ಮಗಳು ಡೆಲ್ಫಾ ಮನೇಲಿದ್ದೆ. ಸೌದೆಗೆ ಹಾಕೋಕೆ ನಂಗೆ ಮನಸ್ಸು ಬರಲಿಲ್ಲ. ನೀನು ಬದುಕಿರೋವರೆಗೂ ಆ ಮರಕ್ಕೆ ಗರಗಸ ಹಾಕಲ್ಲ ಅಂತ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದ್ದನಲ್ಲ ಅಪ್ಪ! ಹಾಕಲಿಲ್ಲ ನೋಡು. ಗಾಳಿ ಬಂತು, ಬಿತ್ತು, ಅಷ್ಟೇ.

ಒಣಗಿಸೋದೇ ದೊಡ್ಡ ಕೆಲಸ ಅಕ್ಕ. ಕೊಂಬೆ ಬೇಡ, ಗಂಟು ಬೇಡ, ನೆಟ್ಟಗಿರೋ ಬುಡದ ತುಂಡೇ ಆಗಬೇಕು. ಸೀಳಿದ ಗಳಿಗೇಲೇ ಎರಡೂ ತುದಿಗೆ ಬಿಸಿ ಮೇಣ ಬಳೀಬೇಕು, ಇಲ್ಲಾಂದ್ರೆ ಬಿರುಕು ಬಿಡುತ್ತೆ. ಆಮೇಲೆ ನೆರಳಲ್ಲಿ, ನಡುನಡುವೆ ಕಡ್ಡಿ ಇಟ್ಟು ಪೇರಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ. ಅವಸರ ಮಾಡಿದ್ಯೋ, ಪೆಟ್ಟಿಗೆ ಮೂಗ! ನಾನು ಅವಸರ ಮಾಡೋನಲ್ಲ, ನಿಂಗೆ ಗೊತ್ತಲ್ಲ? ಒಂದು ಕಲೆ ಇದೆಯಾ ನೋಡು. ಚಳೀಲಿ ಕಡಿದ್ರೆ ಹಿಂಗೇನೇ, ರಸ ಇಳಿದಿರುತ್ತೆ...

ಅಂದ್ರೆ... ಸುಮ್ಮನೆ ಮಾತಿಗೆ ಹೇಳಿದೆ. ಇದು ಬಿದ್ದ ಮರ. ಯಾಕೆ ಹಂಗೆ ನೋಡ್ತೀಯ?

ಏಯ್, ಮತ್ತೆ ಆ ಹಲಗೆ ಯಾಕೆ? ಉಗುರಲ್ಲಿ ಮೇಣ ಕೆರೀಬೇಡ! ಬಿರುಕು ಬಿಡುತ್ತೆ ಅಂತ ಈಗ ತಾನೇ... ಅಕ್ಕ, ಕೈ ತೆಗಿ! ಅಡೀಲಿ ಏನೂ ಇಲ್ಲ, ಎಲ್ಲಾ ಹಲಗೆ ಮೇಲೂ ಬರೀತೀನಿ. ಕಡಿದ ದಿನ ಬರೆದು ಮೇಲೆ ಮೇಣ ಬಳಿಯೋದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದು, ಕೈ ತಾನಾಗೇ ಬರೆದುಬಿಡುತ್ತೆ...

ನವೆಂಬರ್ ಹದಿನಾಲ್ಕು.

ಪೆನ್ಸಿಲ್ ಗುರುತು, ಸರಿಯಾಗಿ ಕಾಣಲ್ಲ. ಬೇರೆ ಮರದ್ದಿರಬೇಕು... ಹಂಗೆ ತಲೆ ಅಲ್ಲಾಡಿಸಬೇಡ. ಹೂಂ, ಗೊತ್ತು. ನಿನ್ನ ಆಪರೇಷನ್ ದಿನ. ಡೆಲ್ಫಾ ಬೆಳಿಗ್ಗೆ ಫೋನ್ ಮಾಡಿದ್ಲು. ಡಾಕ್ಟರ್ ಕೈಚೆಲ್ಲಿದ್ದಾರೆ, ಅಮ್ಮ ನಿನ್ನೇ ಕೇಳ್ತಿದ್ದಾಳೆ, ಬೇಗ ಬಾ ಮಾವ ಅಂತ ಅತ್ತಳು. ಗಾಡಿ ಕೆಟ್ಟಿತ್ತು ಅಂದಿದ್ದೆ ನಿಂಗೆ. ಗಾಡಿ ಚೆನ್ನಾಗೇ ಇತ್ತು. ಆ ವರ್ಷ ಚಳಿ ಬೇಗ ಬಂದಿತ್ತು, ರಸ ಇಳಿದಿತ್ತು, ನಲವತ್ತು ವರ್ಷದಿಂದ ಆ ಬುಡದ ಮೇಲೆ ಕಣ್ಣಿಟ್ಟಿದ್ದೆ... ಇನ್ನೇನು, ಸಂಜೆಗೆ ಆಣೆ ತೀರಿಹೋಗುತ್ತಲ್ಲ ಅಂದ್ಕೊಂಡೆ.

ಬೈಯೇ ಅಕ್ಕ. ಕೆನ್ನೆಗೆ ಎರಡು ಬಾರಿಸು. ಪೆಟ್ಟಿಗೆ ಯಾಕೆ ಬೆಂಚಿನ ಮೇಲಿಟ್ಟೆ? ನಿಂದೇ ಅದು, ತಗೊಂಡು ಹೋಗು... ಬಾಗಿಲ ಹತ್ರ ಹೋಗಬೇಡ. ಅಕ್ಕ! ನೀನು ಬದುಕಿ ಬರ್ತೀಯ ಅಂತ ನಾನು ಅಂದ್ಕೊಂಡೇ ಇರಲಿಲ್ಲ ಕಣೇ.